ಇಲ್ಲ, ಅಲ್ಲ, ಕಾಣೆ: ಸ್ಕ್ಯಾನ್ ವರದಿಯನ್ನು ಗಡಿಯ ಕನ್ನಡದಲ್ಲಿ ಓದುವುದು

ಕ್ಯಾನ್ಸರ್ ಕುರಿತ ಆಧುನಿಕ ಸಾಹಿತ್ಯ ಬಹುಮಟ್ಟಿಗೆ ಎರಡು ದಿನಗಳ ಸುತ್ತ ಕಟ್ಟಿಕೊಂಡಿದೆ: ರೋಗ ಪತ್ತೆಯಾದ ದಿನ ಮತ್ತು ಸಾವಿನ ದಿನ. ನಡುವೆ ಚಿಕಿತ್ಸೆಯ ವಿವರಗಳು ಬರುತ್ತವೆ. ಚಿಕಿತ್ಸೆ ಮುಗಿದ ಮೇಲೆ ಅದು ಫಲಿಸಿತೋ ಇಲ್ಲವೋ ಎಂದು ತಿಳಿಯಲು ಸ್ಕ್ಯಾನ್ ಮಾಡಿಸಿ, ವರದಿಗಾಗಿ ಕಾಯುವ ಅವಧಿಗೆ ಈ ಸಾಹಿತ್ಯದಲ್ಲಿ ದೊರೆತಿರುವ ಜಾಗ ಕಡಿಮೆ. ವರದಿ ಒಳ್ಳೆಯದಾಗಿ ಬಂದರಂತೂ ಅದು ಕಥನದ ಪಾಲಿಗೆ ಏನೂ ನಡೆಯದ ದಿನ. ಚಿಕಿತ್ಸೆ ಫಲಿಸಿದ ಕುಟುಂಬಗಳು ವರ್ಷಗಟ್ಟಲೆ ಬದುಕುವುದಾದರೋ ಇಂಥ ಏನೂ ನಡೆಯದ ದಿನಗಳಲ್ಲಿಯೇ. ಈ ದಿನಗಳನ್ನು ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಸೊಲ್ಲಾಪುರ–ಅಕ್ಕಲಕೋಟ ಭಾಗದ ಕನ್ನಡಿಗರಿಗೆ ಇದು ಕೇವಲ ಕಾವ್ಯಮೀಮಾಂಸೆಯ ಪ್ರಶ್ನೆಯಲ್ಲ. ವರದಿಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಆದಾಗ ಅದು ನಿತ್ಯದ ಅನುವಾದದ ಪ್ರಶ್ನೆಯೂ ಹೌದು.

ಮೊದಲು ನಮ್ಮೆದುರಿನ ಪಠ್ಯಗಳನ್ನು ನೋಡೋಣ. ಸಿಮೋನ್ ದ ಬೊವಾ 1964ರಲ್ಲಿ ತನ್ನ ತಾಯಿಯ ಕೊನೆಯ ವಾರಗಳನ್ನು ಕುರಿತು ಪುಟ್ಟ ಪುಸ್ತಕವೊಂದನ್ನು ಪ್ರಕಟಿಸಿದಳು. ಅಲ್ಲಿ ತಾಯಿಗೆ ಕರುಳಿನ ಕ್ಯಾನ್ಸರ್. ಆಕೆಗೆ ಹೇಳಿದ್ದು ಮಾತ್ರ ಪೆರಿಟೊನೈಟಿಸ್ ಎಂದು. ಸೂಸನ್ ಸಾಂಟ್ಯಾಗ್ 1978ರಲ್ಲಿ ರೋಗವನ್ನು ರೂಪಕವಾಗಿಸುವ ಅಭ್ಯಾಸವನ್ನು ಖಂಡಿಸಿ ಬರೆದಾಗ, ಸ್ವತಃ ತಾನು ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವಳೆಂಬುದನ್ನು ಪುಸ್ತಕದಲ್ಲಿ ಎಲ್ಲಿಯೂ ಹೇಳಲಿಲ್ಲ. 2004ರಲ್ಲಿ ಆಕೆ ತೀರಿಕೊಂಡ ಮೇಲೆ ಮಗ ಡೇವಿಡ್ ರೀಫ್ 2008ರಲ್ಲಿ ಬರೆದ ನೆನಪಿನ ಕೃತಿ, ಸಾವಿನ ಮಾತನ್ನೇ ಒಪ್ಪದ ತಾಯಿಯ ಬಳಿ ಕುಳಿತ ಮಗನ ಸಂಕಟವನ್ನು ದಾಖಲಿಸುತ್ತದೆ. ಕನ್ನಡದಲ್ಲಿ ಬಿ.ವಿ. ಭಾರತಿಯವರ ‘ಸಾಸಿವೆ ತಂದವಳು’ ರೋಗಿಯೇ ನಿರೂಪಕಿಯಾಗಿರುವ ಮಹತ್ವದ ಅನುಭವ ಕಥನ. ಸಾಸಿವೆ ಸಿಗದೆ ಹಿಂದಿರುಗಿದ ಕಿಸಾಗೋತಮಿಯ ಕಥೆಯನ್ನು ಅದರ ಶೀರ್ಷಿಕೆಯೇ ತಿರುವಿ ಹಾಕುತ್ತದೆ. ಇನ್ನು ಸ್ಕ್ಯಾನಿನ ಮುಂಚಿನ ಆತಂಕಕ್ಕೆ ಇಂಗ್ಲಿಷಿನಲ್ಲಿ ‘ಸ್ಕ್ಯಾಂಕ್ಸೈಟಿ’ ಎಂಬ ಕೂಡುಪದ ಬಳಕೆಗೆ ಬಂದಿದೆ. ಬ್ರೂಸ್ ಫೈಲರ್ 2011ರಲ್ಲಿ ಟೈಮ್ ಪತ್ರಿಕೆಯಲ್ಲಿ ಬರೆದ ಮೇಲೆ ಅದು ವೈದ್ಯಕೀಯ ಬರಹಗಳಲ್ಲಿಯೂ ಸೇರಿಕೊಂಡಿತು. ಆದರೆ ಆ ಪದ ಹೆಸರಿಸುವುದು ಒಂದು ಮನಃಸ್ಥಿತಿಯನ್ನು ಮಾತ್ರ. ಆ ಸ್ಥಿತಿಗೆ ಕಾರಣವಾದ ಪಠ್ಯವನ್ನು, ಎಂದರೆ ವರದಿಯನ್ನು, ಅದು ಓದುವುದಿಲ್ಲ.

ಈ ಕೃತಿಗಳನ್ನು ಬದಿಗಿಟ್ಟು ನಮ್ಮ ಊರಿನ ಕಡೆ ತಿರುಗಿದರೆ ಪ್ರಶ್ನೆಯ ಇನ್ನೊಂದು ಮುಖ ಕಾಣುತ್ತದೆ. ಸೊಲ್ಲಾಪುರದಿಂದ ಅಕ್ಕಲಕೋಟದ ಕಡೆಗೆ ಹೋಗುವ ರಸ್ತೆಯಲ್ಲಿ ಊರಂಚಿಗೆ ಎಂಐಡಿಸಿ ಇದೆ. ಚಾದರ, ಟೆರ್ರಿ ಟವೆಲು ನೇಯುವ ಯಂತ್ರಮಾಗಗಳ ಈ ಪ್ರದೇಶದಲ್ಲಿ ಪದ್ಮಶಾಲಿಗಳ ತೆಲುಗು, ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಿಂದ ಬರುವವರ ಕನ್ನಡ, ದಖನಿ ಉರ್ದು, ಎಲ್ಲರಿಗೂ ಸಾಮಾನ್ಯವಾದ ಮರಾಠಿ, ಒಂದೇ ಪಾಳಿಯಲ್ಲಿ ಕೇಳಿಬರುತ್ತವೆ. ಅದೇ ರಸ್ತೆಯಲ್ಲಿ ಮುಂದೆ ಕುಂಭಾರಿ; ಬೀಡಿ ಕಟ್ಟುವ ಹೆಂಗಸರಿಗಾಗಿ ಗೋದುತಾಯಿ ಪರುಳೇಕರ್ ಅವರ ಹೆಸರಿನಲ್ಲಿ ನಿರ್ಮಿಸಿದ 10,000 ಮನೆಗಳ ವಸಾಹತು 2006ರಲ್ಲಿ ಉದ್ಘಾಟನೆಯಾದದ್ದು ಇಲ್ಲಿಯೇ. ನೂಲು ಮತ್ತು ತಂಬಾಕು ಈ ರಸ್ತೆಯ ಎರಡು ಜೀವನಾಧಾರಗಳು. ಎರಡನೆಯದು ಬಾಯಿ–ಗಂಟಲಿನ ಕ್ಯಾನ್ಸರಿನ ಮುಖ್ಯ ಕಾರಣವೂ ಹೌದು.

ಕ್ಯಾನ್ಸರಿನ ಅಧ್ಯಯನದಲ್ಲಿ ಈ ಜಿಲ್ಲೆ ಹಿಂದೆ ಬಿದ್ದದ್ದಲ್ಲ. ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಆರಂಭವಾದದ್ದು ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ. ಪಕ್ಕದ, ಆಗ ಉಸ್ಮಾನಾಬಾದ್ ಎಂಬ ಹೆಸರಿದ್ದ ಜಿಲ್ಲೆಯ ಹಳ್ಳಿಗಳಲ್ಲಿ 1,31,746 ಮಹಿಳೆಯರನ್ನು ಒಳಗೊಂಡು ನಡೆದ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಅಧ್ಯಯನ 2009ರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. ಅದರ ಕೆಲಸದಲ್ಲಿಯೂ ಬಾರ್ಶಿಯ ಆಸ್ಪತ್ರೆ ಪಾಲುಗೊಂಡಿತ್ತು. ರೋಗವನ್ನು ಎಣಿಸುವುದರಲ್ಲಿ ಈ ನಾಡು ಇಷ್ಟು ಮುಂದಿದೆ. ರೋಗದ ಮಾತನ್ನು ಕುರಿತ ಚಿಂತನೆಗೆ ಮಾತ್ರ ನಾವು ಕೈ ಹಾಕಿಲ್ಲ. ಗಡಿಯ ಕನ್ನಡವನ್ನು ಕುರಿತ ನಮ್ಮ ಬರಹಗಳು ಶಾಲೆ, ನಾಮಫಲಕ, ಆಡಳಿತ, ನ್ಯಾಯಾಲಯಗಳ ಬಳಿ ನಿಂತಿವೆ. ಆಸ್ಪತ್ರೆಯ ಮೊಗಸಾಲೆಯನ್ನು ಹೊಕ್ಕಿಲ್ಲ. ಅಲ್ಲಿ ವರದಿ ಇಂಗ್ಲಿಷಿನಲ್ಲಿರುತ್ತದೆ, ಕೌಂಟರಿನ ಮಾತು ಮರಾಠಿಯಲ್ಲಿರುತ್ತದೆ, ಕಾಯುವವರ ಪಿಸುಮಾತು ಕನ್ನಡದಲ್ಲಿರುತ್ತದೆ. ಈ ಮೂರರ ನಡುವೆ ಓಡಾಡುವವರು ಸಾಮಾನ್ಯವಾಗಿ ರೋಗಿಯ ಮಗ ಅಥವಾ ಮಗಳು.

ಇನ್ನು ವರದಿಯೆಂಬ ಪಠ್ಯ. ಗಂಟಲಿನ ಕ್ಯಾನ್ಸರಿಗೆ ವಿಕಿರಣ ಮತ್ತು ಕೀಮೋ ಚಿಕಿತ್ಸೆ ಮುಗಿದ ಕೂಡಲೇ ಪೆಟ್ ಸ್ಕ್ಯಾನ್ ಮಾಡುವುದಿಲ್ಲ. ಸಾಮಾನ್ಯವಾಗಿ 12 ವಾರ ಕಾಯುತ್ತಾರೆ. ವಿಕಿರಣದಿಂದ ಬೆಂದ ಅಂಗಾಂಶ ಮಾಯುವಾಗಲೂ ಸಕ್ಕರೆಯನ್ನು ಹೆಚ್ಚಾಗಿ ಹೀರುತ್ತದೆ, ಉಳಿದ ಗಡ್ಡೆಯೂ ಹೀರುತ್ತದೆ. ಬೇಗ ನೋಡಿದರೆ ಮಾಯುವುದಕ್ಕೂ ಮರುಕಳಿಸುವುದಕ್ಕೂ ವ್ಯತ್ಯಾಸ ತಿಳಿಯದು. ಎಂದರೆ ಈ ಮೂರು ತಿಂಗಳ ಕಾಯುವಿಕೆ ಆಡಳಿತದ ವಿಳಂಬವಲ್ಲ, ದೇಹ ಓದಲು ಬರುವಂಥ ಪಠ್ಯವಾಗಲು ಬೇಕಾದ ಕಾಲ. ಸ್ಕ್ಯಾನಿನ ದಿನ ಉಪವಾಸವಿರಬೇಕು. ಫ್ಲೂರೀನ್–18 ಬೆರೆಸಿದ ಸಕ್ಕರೆಯ ದ್ರವವನ್ನು ನರಕ್ಕೆ ಕೊಟ್ಟು ಸುಮಾರು ಒಂದು ಗಂಟೆ ಮಲಗಿಸುತ್ತಾರೆ. ಆ ವಿಕಿರಣವಸ್ತುವಿನ ಅರ್ಧಾಯುಷ್ಯ ಸುಮಾರು 110 ನಿಮಿಷ, ಆದ್ದರಿಂದ ಎಲ್ಲವೂ ಗಡಿಯಾರಕ್ಕೆ ಕಟ್ಟುಬಿದ್ದಿರುತ್ತದೆ. ಗಂಟಲಿನ ರೋಗಿ ಆ ಒಂದು ಗಂಟೆ ಮಾತಾಡಬಾರದು. ಮಾತಾಡಿದರೆ ಧ್ವನಿಯ ಸ್ನಾಯುಗಳು ಸಕ್ಕರೆ ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತವೆ, ಓದು ತಪ್ಪಬಹುದು. ದೇಹವನ್ನು ಕುರಿತ ಈ ಪಠ್ಯ ಸಿದ್ಧವಾಗಬೇಕಾದರೆ ದೇಹದ ಒಡೆಯ ಮೌನವಾಗಿರಬೇಕು.

ಹೀಗೆ ಸಿದ್ಧವಾದ ವರದಿಗೆ ಕಟ್ಟುನಿಟ್ಟಾದ ರಚನೆಯಿದೆ: ಪರೀಕ್ಷೆಗೆ ಕಾರಣ, ವಿಧಾನ, ಕಂಡದ್ದು, ಅಭಿಪ್ರಾಯ. ಇದರ ವ್ಯಾಕರಣ ಬಹುತೇಕ ನಿಷೇಧದ ವ್ಯಾಕರಣ. ಎಲ್ಲವೂ ಸರಿಯಿದ್ದಾಗ ಅದು ‘ರೋಗವಿಲ್ಲ’ ಎನ್ನುವುದಿಲ್ಲ, ‘ರೋಗದ ಪುರಾವೆ ಇಲ್ಲ’ ಎನ್ನುತ್ತದೆ. ಕೆಲವೇ ಮಿಲಿಮೀಟರು ಅಗಲದ ಗಂಟು ಪೆಟ್ ಚಿತ್ರದಲ್ಲಿ ಮೂಡದೇ ಇರಬಹುದಾದ್ದರಿಂದ ಈ ಎಚ್ಚರ ಭಾಷೆಯ ಸೋಗಲ್ಲ, ಯಂತ್ರದ ಮಿತಿಯ ಪ್ರಾಮಾಣಿಕ ನಿವೇದನೆ. ಚಿಕಿತ್ಸೆಯ ಫಲವನ್ನು ಅಳೆಯಲು 2000ದಲ್ಲಿ ರೂಪಿಸಿ 2009ರಲ್ಲಿ ಪರಿಷ್ಕರಿಸಿದ ರೆಸಿಸ್ಟ್ ಮಾನದಂಡಗಳಲ್ಲಿಯೂ ಅತ್ಯುತ್ತಮ ಫಲಿತಾಂಶದ ಹೆಸರು ‘ಗುಣ’ ಎಂದಲ್ಲ, ‘ಸಂಪೂರ್ಣ ಪ್ರತಿಕ್ರಿಯೆ’ ಎಂದು. ಗಡ್ಡೆ ಚಿಕಿತ್ಸೆಗೆ ಪೂರ್ತಿಯಾಗಿ ಉತ್ತರ ಕೊಟ್ಟಿತು. ಮಾತುಕತೆ ಮುಗಿಯಿತೇ ಎಂಬುದನ್ನು ಆ ಪದ ಹೇಳುವುದಿಲ್ಲ.

ಈ ಎಚ್ಚರದ ವಾಕ್ಯ ಕೌಂಟರಿನಿಂದ ಬೆಂಚಿನವರೆಗೆ ಬರುವಷ್ಟರಲ್ಲಿ ‘ರಿಪೋರ್ಟ್ ಕ್ಲಿಯರ್ ಐತಿ’ ಎಂದಾಗುತ್ತದೆ. ‘ಕ್ಲಿಯರ್’ ಈಗ ಕನ್ನಡದ ಪದವೇ. ಆದ್ದರಿಂದ ಅದರ ಅರ್ಥವನ್ನು ಇಂಗ್ಲಿಷ್ ನಿಘಂಟಿನಲ್ಲಿ ಅಲ್ಲ, ನಮ್ಮ ಬಳಕೆಯಲ್ಲಿ ಹುಡುಕಬೇಕು. ಎಂಐಡಿಸಿಯ ಮಾತಿನಲ್ಲಿ ಬಾಕಿ ಕ್ಲಿಯರ್ ಆಗುತ್ತದೆ, ಬಿಲ್ ಕ್ಲಿಯರ್ ಆಗುತ್ತದೆ, ಬ್ಯಾಂಕಿನ ಸಾಲ ಕ್ಲಿಯರ್ ಆಗುತ್ತದೆ, ಮಕ್ಕಳ ಪರೀಕ್ಷೆ ಕ್ಲಿಯರ್ ಆಗುತ್ತದೆ. ಎಲ್ಲ ಕಡೆಯೂ ಅದರ ಅರ್ಥ ಒಂದೇ: ತೀರಿತು, ಇನ್ನು ಆ ಬಾಗಿಲಿಗೆ ಹೋಗಬೇಕಾಗಿಲ್ಲ. ಸ್ಕ್ಯಾನ್ ಕ್ಲಿಯರ್ ಆಯಿತು ಎಂದು ಕೇಳಿದ ಕಿವಿಗೆ ಋಣ ತೀರಿದ ಅರ್ಥವೇ ಹೊಳೆಯುವುದು ಸಹಜ. ವೈದ್ಯಕೀಯದ ಪ್ರಕಾರ ನಡೆಯಬೇಕಾದದ್ದು ಇದಕ್ಕೆ ವಿರುದ್ಧ. ಈ ಬಗೆಯ ಕ್ಯಾನ್ಸರು ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ 2 ವರ್ಷಗಳಲ್ಲಿಯೇ. ಆದ್ದರಿಂದ ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತ 5 ವರ್ಷದವರೆಗೆ ತಪಾಸಣೆ ನಡೆಯಬೇಕು. ಒಂದು ದಿನದ ಪಗಾರ ಬಿಟ್ಟು, ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಬೇಕಾದವರಿಗೆ ‘ಕ್ಲಿಯರ್’ ಎಂಬ ಒಂದು ಪದ ಮುಂದಿನ ತಾರೀಖನ್ನು ಅನಾವಶ್ಯಕವಾಗಿಸಬಲ್ಲದು. ಅನುವಾದದ ಸೂಕ್ಷ್ಮ ಇಲ್ಲಿ ಜೀವದ ಮಾತಾಗುತ್ತದೆ.

ಕನ್ನಡದಲ್ಲಿ ಇದಕ್ಕೆ ಪರ್ಯಾಯವಿದೆಯೇ? ರೋಗದ ಹೆಸರಿಗಾಗಿ ನಾವು ಶ್ರಮ ಪಟ್ಟಿದ್ದೇವೆ. ಅರ್ಬುದ ಎಂಬ ಸಂಸ್ಕೃತ ಪದ ಇದೆ, ಕನ್ನಡ ವಿಶ್ವಕೋಶ ಬಳಸಿದ ‘ಏಡಿಗಂತಿ’ ಇದೆ, ನೆರೆಯ ಮರಾಠಿಯಲ್ಲಿ ‘ಕರ್ಕರೋಗ’ ಇದೆ. ನಾಮಪದಗಳ ಈ ಶ್ರಮ ಕ್ರಿಯಾಪದಗಳಿಗೆ ದಕ್ಕಿಲ್ಲ. ಆದರೆ ಕನ್ನಡಕ್ಕೆ ನಿಷೇಧದ ಬಡತನವೇನೂ ಇಲ್ಲ. ಇರುವಿಕೆಯನ್ನು ನಿರಾಕರಿಸುವ ‘ಇಲ್ಲ’, ಗುರುತನ್ನು ನಿರಾಕರಿಸುವ ‘ಅಲ್ಲ’, ನೋಟವನ್ನು ನಿರಾಕರಿಸುವ ‘ಕಾಣೆ’, ಈ ಮೂರೂ ಬೇರೆ ಬೇರೆ. ಮೂರರ ವ್ಯತ್ಯಾಸವನ್ನು ತಿಳಿಯಲು ಸೊಲ್ಲಾಪುರದ್ದೇ ಆದ ಒಂದು ಹಳೆಯ ಕಥನ ನೆರವಿಗೆ ಬರುತ್ತದೆ.

13ನೆಯ ಶತಮಾನದ ರಾಘವಾಂಕನ ಷಟ್ಪದಿ ಕಾವ್ಯ ‘ಸಿದ್ಧರಾಮ ಚಾರಿತ್ರ’ದಲ್ಲಿ ಸೊನ್ನಲಿಗೆಯ ಬಾಲಕ ಸಿದ್ಧರಾಮನಿಗೆ ಊರ ಹೊರಗಿನ ಹೊಲದಲ್ಲಿ ಮಲ್ಲಯ್ಯ ಎಂಬ ಜಂಗಮ ಎದುರಾಗುತ್ತಾನೆ. ಹಸಿದವನಿಗಾಗಿ ಹುಡುಗ ಮನೆಗೆ ಓಡಿ ಊಟ ತರುವಷ್ಟರಲ್ಲಿ ಅವನು ಅಲ್ಲಿರುವುದಿಲ್ಲ. ಹುಡುಗ ಹೆಸರು ಹಿಡಿದು ಕೂಗುತ್ತ ಅಲೆಯುತ್ತಾನೆ. ಶ್ರೀಶೈಲಕ್ಕೆ ಹೊರಟ ಯಾತ್ರಿಕರೊಡನೆ ಹೋಗುತ್ತಾನೆ. ಅಲ್ಲಿ ಅವರು ಮಲ್ಲಿಕಾರ್ಜುನ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯ ಎಂದಾಗ ಒಪ್ಪುವುದಿಲ್ಲ. ತನ್ನ ಮಲ್ಲಯ್ಯ ಇದಲ್ಲವೆಂದು ಹಟ ಹಿಡಿದು, ಕೊನೆಗೆ ಕಮರಿಗೆ ಹಾರಲು ಹೋದಾಗ ಮಲ್ಲಯ್ಯನೇ ಬಂದು ಕೈಹಿಡಿಯುತ್ತಾನೆ. ಭಕ್ತಿಯ ಓದಿಗೆ ಇದು ಮುಗ್ಧಭಕ್ತಿಯ ಕಥೆ. ನಿಷೇಧಗಳ ದಾರಿಯಲ್ಲಿ ಓದಿದರೆ ಬೇರೆಯದೇ ಕ್ರಮ ತೆರೆಯುತ್ತದೆ. ಊಟ ಹೊತ್ತು ಬಂದ ಮಗುವಿನೆದುರಿನ ಬಯಲು ‘ಇಲ್ಲ’ ಎನ್ನುತ್ತದೆ. ಹುಡುಗ ಅದನ್ನು ನಂಬುವುದಿಲ್ಲ. ಯಾತ್ರಿಕರು ಬಿಂಬವನ್ನು ವ್ಯಕ್ತಿಯೆಂದು ಒಪ್ಪಿಸಲು ಬಂದಾಗ ಹುಡುಗ ‘ಅಲ್ಲ’ ಎನ್ನುತ್ತಾನೆ. ಇವೆರಡರ ನಡುವಿನ ಸುದೀರ್ಘ ಅಲೆದಾಟದಲ್ಲಿ ಅವನ ನಿಲುವು ‘ಕಾಣೆ’ ಎಂಬುದು: ಅವನಿದ್ದಾನೆ ಎಂದಾಗಲೀ ಇಲ್ಲವೆಂದಾಗಲೀ ಹೇಳುವ ಅಧಿಕಾರ ನನಗಿಲ್ಲ, ನನ್ನ ಕಣ್ಣಿಗೆ ಬಿದ್ದಿಲ್ಲ, ಆದ್ದರಿಂದ ಹುಡುಕುತ್ತೇನೆ.

ಸ್ಕ್ಯಾನ್ ಮಾಡಿಸಿದ ಕುಟುಂಬಕ್ಕೆ ಈ ಮೂರೂ ಪರಿಚಿತ. ಕಂಪ್ಯೂಟರಿನ ಪರದೆಯ ಮೇಲೆ ಬೂದು ಬಣ್ಣದ ಅಡ್ಡಕೊಯ್ತಗಳನ್ನು ತೋರಿಸಿ ಇದೇ ನಿಮ್ಮ ತಂದೆಯ ಗಂಟಲು ಎಂದಾಗ ಮಗುವಿನ ಒಳಗಿನಿಂದ ಏಳುವ ಮೊದಲ ಮಾತು ‘ಅಲ್ಲ’. ಆಮೇಲೆ ಬಯಸುವ ಮಾತು ‘ಇಲ್ಲ’. ವರದಿ ಕೊಡಬಲ್ಲದ್ದು ಮಾತ್ರ ಮೂರನೆಯದನ್ನು. ‘ಕಾಣೆ’ಯ ವಿಶೇಷವನ್ನು ಇಲ್ಲಿ ಗಮನಿಸಬೇಕು. ಹಳಗನ್ನಡದ ‘ಕಾಣೆನ್’ ಎಂಬ ನಿಷೇಧರೂಪದಲ್ಲಿ ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಹತ್ತುತ್ತದೆ. ನೋಡಿದವನು ಪದದ ಒಳಗೇ ಇದ್ದಾನೆ. ವಚನಗಳು ಮತ್ತೆಮತ್ತೆ ಬಳಸುವ ‘ಕಾಣೆ’, ‘ಅರಿಯೆ’ಗಳ ಗಾಂಭೀರ್ಯ ಹುಟ್ಟುವುದು ಇದರಿಂದ. ‘ಪುರಾವೆ ಇಲ್ಲ’ ಎಂಬ ಇಂಗ್ಲಿಷ್ ಮಾದರಿಯ ವಾಕ್ಯಕ್ಕೆ ಕರ್ತೃವಿಲ್ಲ, ‘ಕಾಣೆ’ಗೆ ಇದ್ದಾನೆ. ಆ ಹಳೆಯ ನಿಷೇಧರೂಪಕ್ಕೆ ಕಾಲಸೂಚನೆ ಇಲ್ಲವೆಂಬುದೂ ನಿಜ. ಹಾಗಾಗಿ ಇಂದಿನ ಮಾತಿನಲ್ಲಿ ಅದಕ್ಕೊಂದು ‘ಸದ್ಯಕ್ಕೆ’ ಸೇರಿಸಬೇಕಾಗುತ್ತದೆ.

ಈ ವಿಚಾರ ನನಗೆ ಗ್ರಂಥಗಳಿಂದ ಹೊಳೆದದ್ದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ನನ್ನ ತಂದೆ ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಟವೆಲ್ ಕಾರ್ಖಾನೆಯೊಂದರ ಚೆಕಿಂಗ್ ಖಾತೆಯಲ್ಲಿ ದುಡಿದವರು. ನೇಯ್ದು ಬಂದ ಟವೆಲನ್ನು ದೀಪದ ಕೆಳಗೆ ಹರವಿ, ತಪ್ಪಿದ ಎಳೆ, ಜಗ್ಗಿದ ಕುಣಿಕೆ, ಎಣ್ಣೆಯ ಡಾಗು ಹುಡುಕುವುದು ಅವರ ಕೆಲಸ. ಗಂಟಲಿನ ಚಿಕಿತ್ಸೆ ಮುಗಿದ ಹನ್ನೆರಡನೆಯ ವಾರದ ಸ್ಕ್ಯಾನಿನ ವರದಿಯನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳುವ ಕೆಲಸ ನನ್ನದಾಯಿತು. ಪುರಾವೆಯ ವಾಕ್ಯವನ್ನು ಆದಷ್ಟು ಇದ್ದ ಹಾಗೆಯೇ ಹೇಳಿದೆ: ರೋಗ ಕಂಡುಬಂದಿಲ್ಲ ಅಂತ ಬರದಾರ, ಅಪ್ಪಾ. ಬೆಂಚಿನ ಮೇಲಿದ್ದ ಸಂಬಂಧಿಕರೊಬ್ಬರು, ಹಂಗಂದ್ರ ಇಲ್ಲ ಅಂತನ ಅಲ್ಲೇನು, ನೆಟ್ಟಗ ಹೇಳಬಾರದ, ಎಂದು ರೇಗಿದರು. ತಂದೆಗೆ ಆಗ ಧ್ವನಿ ಇನ್ನೂ ಪೂರ್ತಿ ಬಂದಿರಲಿಲ್ಲ. ನಿಧಾನವಾಗಿ ಅವರಂದದ್ದು ಇಷ್ಟು: “ಇಲ್ಲ ಅಂತ ನಾವೂ ಎಂದೂ ಬರೀಲಿಲ್ಲವ್ವಾ. ನೋಡಿದವರ ನಂಬರ್ ಹಾಕಿ ಮುಂದ ಕಳಸ್ತಿದ್ವಿ. ಆಮ್ಯಾಲ ಡಾಗ ಕಂಡ್ರ ಆ ನಂಬರ್ ಕೇಳ್ತಿದ್ರು.” ಆಮೇಲೆ ವರದಿಯ ಕೊನೆಯಲ್ಲಿ ಯಾರ ಸಹಿ ಇದೆ ಎಂದು ಕೇಳಿದರು, ಮುಂದಿನ ತಾರೀಖು ಯಾವುದೆಂದು ಕೇಳಿದರು.

ಇಂಗ್ಲಿಷ್ ಓದಲು ಬಾರದ ಕಾರ್ಮಿಕನಿಗೆ ವರದಿಯ ಜ್ಞಾನಮೀಮಾಂಸೆ ಅರ್ಥವಾಗದು ಎಂಬ ನಮ್ಮ ಪೂರ್ವಗ್ರಹವನ್ನು ಈ ಮಾತು ಅಲ್ಲಗಳೆಯುತ್ತದೆ. ಕಲೆ ಇಲ್ಲದಿರುವುದಕ್ಕೂ ಕಲೆ ಕಾಣದಿರುವುದಕ್ಕೂ ಇರುವ ಅಂತರ, ಕಾಣದೆಂದವನು ತನ್ನ ನಂಬರನ್ನು ಒತ್ತೆಯಿಡಬೇಕೆಂಬ ನಿಯಮ, ಇವು ಅವರ ಕಸುಬಿನ ಒಳಗೇ ಇದ್ದವು. ‘ಕಾಣೆ’ ಎಂಬ ಹಳೆಯ ಪದದೊಳಗೆ ಪುರುಷಪ್ರತ್ಯಯ ಮಾಡುವ ಕೆಲಸವನ್ನು ಇಲ್ಲಿ ಚೆಕ್ಕರನ ನಂಬರು ಮಾಡುತ್ತದೆ. ಕನ್ನಡದಲ್ಲಿ ವೈದ್ಯಕೀಯ ಪದಗಳ ಕೊರತೆಯಿದೆಯೆಂದು ನಾವು ವಿಶ್ವವಿದ್ಯಾಲಯಗಳಲ್ಲಿ ಕುಳಿತು ದೂರುವಾಗ ಇಂಥ ಕಸುಬಿನ ಮಾತುಗಳ ಕಡೆ ನೋಡುವುದಿಲ್ಲ.

ಈ ವಾದಕ್ಕೆ ಬರಬಹುದಾದ ಆಕ್ಷೇಪ ಸಣ್ಣದಲ್ಲ. ಮೂರು ತಿಂಗಳು ನಿದ್ದೆಗೆಟ್ಟವರ ಮುಂದೆ ವ್ಯಾಕರಣವೇ? ‘ಏನೂ ಇಲ್ಲ’ ಎಂಬ ಎರಡು ಪದಗಳ ಸಮಾಧಾನವನ್ನು ಕಿತ್ತುಕೊಂಡು ಪಡೆಯುವುದೇನು? ಇದಕ್ಕೆ ಉತ್ತರವನ್ನು ಆರಂಭದಲ್ಲಿ ಹೆಸರಿಸಿದ ಎರಡು ಕೃತಿಗಳಲ್ಲಿಯೇ ಹುಡುಕಬಹುದು. ಬೊವಾಳ ಕೃತಿಯಲ್ಲಿ ಮಕ್ಕಳಿಗೆ ಗೊತ್ತಿದೆ, ತಾಯಿಗೆ ಗೊತ್ತಿಲ್ಲ. ಪ್ರೀತಿಯಿಂದಲೇ ಕಟ್ಟಿದ ಸುಳ್ಳು ಕೊನೆಯ ವಾರಗಳಲ್ಲಿ ತಾಯಿಯನ್ನು ಒಂಟಿಯಾಗಿಸುತ್ತದೆ. ರೀಫನ ಕೃತಿಯಲ್ಲಿ ತಾಯಿಗೆ ಬದುಕುವೆನೆಂಬ ಭರವಸೆಯ ಮಾತು ಮಾತ್ರ ಬೇಕು. ಮಗ ಅದನ್ನು ಒದಗಿಸುತ್ತಾನೆ, ಹಾಗಾಗಿ ವಿದಾಯದ ಮಾತಿಗೆ ಅವಕಾಶವೇ ಸಿಗುವುದಿಲ್ಲ. ಎರಡೂ ಕಡೆ ರೋಗಿಯ ಕಿವಿಗೆ ತಲುಪುವುದು ಒಂದು ಬಗೆಯ ‘ಇಲ್ಲ’: ಅಲ್ಲಿ ಕ್ಯಾನ್ಸರ್ ಇಲ್ಲ, ಇಲ್ಲಿ ಸಾವು ಇಲ್ಲ. ಸಮಾಧಾನಕ್ಕಾಗಿ ಆಡಿದ ‘ಇಲ್ಲ’ ಆಡಿದವರನ್ನೂ ಕೇಳಿದವರನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂಡಿಹಾಕುತ್ತದೆ ಎಂಬುದನ್ನು ಈ ಎರಡು ಪುಸ್ತಕಗಳು ತೋರಿಸಿಕೊಡುತ್ತವೆ. ರೋಗಿಗೆ ತಿಳಿಯದಿರುವ ಹಕ್ಕೂ ಇದೆ. ಕೇಳಲೊಲ್ಲದವರಿಗೆ ವರದಿಯನ್ನು ಸಾಲುಸಾಲಾಗಿ ಓದಿ ಹೇಳಬೇಕೆಂಬುದು ನನ್ನ ವಾದವಲ್ಲ. ಕೇಳಿದವರಿಗೆ ಕೊಡುವ ಮಾತು ಮುಂದಿನ ಸ್ಕ್ಯಾನಿನ ದಿನವೂ ಸುಳ್ಳಾಗದಂಥದ್ದಾಗಿರಬೇಕು ಎಂಬುದಷ್ಟೇ. ‘ಸದ್ಯಕ್ಕೆ ಏನೂ ಕಂಡಿಲ್ಲ, ಮೂರು ತಿಂಗಳಿಗೆ ಮತ್ತೆ ನೋಡೋಣ’ ಎಂಬ ಮಾತಿನಲ್ಲಿ ಆ ಗುಣವಿದೆ. ಅದರೊಳಗೆ ಸಂತೋಷಕ್ಕೂ ಜಾಗವಿದೆ, ತಾರೀಖಿಗೂ ಜಾಗವಿದೆ.

ಈ ಮಾತು ಕಾಯುವಿಕೆಯ ಸ್ವರೂಪವನ್ನೂ ಬದಲಿಸುತ್ತದೆ. ನಮ್ಮ ಕಾವ್ಯಮೀಮಾಂಸೆಯಲ್ಲಿ ಕಾಯುವುದು ಹೆಚ್ಚಾಗಿ ಶೃಂಗಾರದ ಪಾಲು: ವಿಪ್ರಲಂಭ, ವಿರಹೋತ್ಕಂಠಿತೆ, ವಾಸಕಸಜ್ಜೆ. ಭಕ್ತಿಯಲ್ಲಿ ಶಬರಿ ಕಾಯುತ್ತಾಳೆ, ಪು.ತಿ.ನ., ವಿ.ಸೀ. ಅವರಂಥ ಆಧುನಿಕ ಕವಿಗಳನ್ನೂ ಆಕೆ ಸೆಳೆದಿದ್ದಾಳೆ. ಈ ಎಲ್ಲ ಕಾಯುವಿಕೆಗಳಿಗೆ ಒಂದು ಆಗಮನವಿದೆ, ಆಮೇಲೆ ಕಾಯುವುದು ಮುಗಿಯುತ್ತದೆ. ತಂದೆ–ತಾಯಿಯ ವರದಿಗಾಗಿ ಕಾಯುವ ಮಗುವಿಗೆ ಈ ಮಾದರಿಗಳು ಒದಗುವುದಿಲ್ಲ. ಒದಗುವಂಥ ಒಂದು ಮಾದರಿ ಇದೇ ಜಿಲ್ಲೆಯ ಪಂಢರಪುರದಲ್ಲಿದೆ. ತಂದೆತಾಯಿಯ ಸೇವೆಯಲ್ಲಿದ್ದ ಪುಂಡಲೀಕ ಬಾಗಿಲಿಗೆ ಬಂದ ದೇವರಿಗೆ ಇಟ್ಟಿಗೆಯೊಂದನ್ನು ಎಸೆದು ನಿಲ್ಲಹೇಳಿದ, ರಾ.ಚಿಂ. ಢೇರೆಯವರು 1984ರ ತಮ್ಮ ಗ್ರಂಥದಲ್ಲಿ ಕನ್ನಡದ ಬೇರುಗಳನ್ನು ಸವಿಸ್ತಾರವಾಗಿ ಶೋಧಿಸಿದ ಆ ವಿಠ್ಠಲ ಇಂದಿಗೂ ನಿಂತೇ ಇದ್ದಾನೆ. ಆ ಕಥೆಯಲ್ಲಿ ಕಾಯುವವನು ದೇವರು. ಮಗನಿಗೆ ಕಾಯಲು ಪುರುಸೊತ್ತಿಲ್ಲ, ಅವನ ಕೈಯಲ್ಲಿ ಕೆಲಸವಿದೆ.

ಕನ್ನಡದ ‘ಕಾಯು’ ಈ ಎರಡನ್ನೂ ಒಂದೇ ಪದದಲ್ಲಿ ಹಿಡಿದಿದೆ. ಮರಾಠಿಯವರು ವಾಟ ಪಾಹತಾರೆ, ದಾರಿ ನೋಡುತ್ತಾರೆ. ತೆಲುಗರು ಎದುರು ಚೂಸ್ತಾರೆ, ಎದುರು ನೋಡುತ್ತಾರೆ. ಎರಡರಲ್ಲಿಯೂ ಕಣ್ಣು ಹೊರಗೆ, ಬರಲಿರುವುದರ ಕಡೆಗೆ. ಕನ್ನಡದಲ್ಲಿಯೂ ಹಾದಿ ನೋಡುವುದುಂಟು. ಆದರೆ ಬಸ್ಸಿಗೆ ಕಾಯುವುದೂ ಹೊಲ ಕಾಯುವುದೂ ನಮಗೆ ಒಂದೇ ಕ್ರಿಯಾಪದ. ಎರಡನೆಯ ಅರ್ಥದ ಕಾಯುವಿಕೆಯಲ್ಲಿ ಕಣ್ಣು ಇಲ್ಲಿರುವುದರ ಮೇಲಿರುತ್ತದೆ: ನುಂಗಲು ಆಗುವಂತೆ ಮೆತ್ತಗೆ ಕಲಸಿದ ಅನ್ನ, ಒಣಗುವ ಬಾಯಿಗೆ ಆಗಾಗ ಗುಟುಕು ನೀರು, ಬರೆದಿಟ್ಟ ತೂಕ, ತಪ್ಪದ ತಾರೀಖು. ಫಲಿತಾಂಶಕ್ಕೆ ಕಾಯುವುದು ವರದಿ ಬಂದ ದಿನ ಮುಗಿಯುತ್ತದೆ. ಜೀವವನ್ನು ಕಾಯುವುದು ಮುಗಿಯುವುದಿಲ್ಲ.

ಹಾಗಾದರೆ ಅಲ್ಪಸಂಖ್ಯಾತ ಭಾಷೆಯ ಅಧ್ಯಯನ ಕೇಂದ್ರಕ್ಕೆ ಇಲ್ಲಿ ಮಾಡಬೇಕಾದ ಕೆಲಸವಿದೆ. ಗಡಿಭಾಗದ ಆಸ್ಪತ್ರೆಗಳಲ್ಲಿ ಕನ್ನಡ, ಮರಾಠಿ, ತೆಲುಗು ಮತ್ತು ದಖನಿಗಳಲ್ಲಿ ರೋಗದ ಸುದ್ದಿ ಹೇಗೆ ರೂಪಾಂತರವಾಗುತ್ತದೆ ಎಂಬುದನ್ನು, ರೋಗಿಗಳ ಒಪ್ಪಿಗೆ ಮತ್ತು ಗೋಪ್ಯತೆಯನ್ನು ಕಾದುಕೊಂಡು, ಸಂಗ್ರಹಿಸಬೇಕು. ವರದಿಯಲ್ಲಿ ಪದೇಪದೇ ಬರುವ ಹತ್ತಿಪ್ಪತ್ತು ವಾಕ್ಯಗಳಿಗೆ, ವೈದ್ಯರನ್ನೂ ಕೂರಿಸಿಕೊಂಡು, ಇಲ್ಲಿನ ಆಡುಗನ್ನಡದಲ್ಲಿ ನಂಬಬಹುದಾದ ಅನುವಾದಗಳನ್ನು ಸ್ಥಿರಪಡಿಸಬೇಕು. ಆ ಪಟ್ಟಿಯ ಮೊದಲ ವಾಕ್ಯ ‘ಕ್ಲಿಯರ್ ಐತಿ’ ಎಂದಾಗದೆ, ‘ಇವತ್ತಿಗೆ ಏನೂ ಕಂಡಿಲ್ಲ’ ಎಂದಾದರೆ, ಅದರ ಪಕ್ಕದಲ್ಲಿ ನೋಡಿದವರ ಹೆಸರೂ ಮತ್ತೆ ನೋಡುವ ತಾರೀಖೂ ಇದ್ದರೆ, ತೌಲನಿಕ ಸಾಹಿತ್ಯವೆಂಬ ನಮ್ಮ ಶಾಸ್ತ್ರ ಅಕ್ಕಲಕೋಟ ರಸ್ತೆಗೆ ಒಂದಿಷ್ಟು ಉಪಯೋಗಕ್ಕೆ ಬಂತೆನ್ನಬಹುದು.